ಅನುದಾನ ಬರುತ್ತದೆ, ಬಜೆಟ್ ಇಲ್ಲ

ಮಲೆನಾಡಿನ ಒಂದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿಯವರೆಗೆ ಒಟ್ಟು 22 ಮಕ್ಕಳು, ಹೆಂಚಿನ ಸೂರಿನ ಎರಡು ಕೊಠಡಿ, ಒಂದು ಅಡುಗೆ ಕೋಣೆ. ಮುಖ್ಯ ಶಿಕ್ಷಕಿಯ ಮೇಜಿನ ಮೇಲೆ ನಗದು ಪುಸ್ತಕ ತೆರೆದಿತ್ತು. ಜಮೆಯ ಕಡೆ ಇಡೀ ವರ್ಷಕ್ಕೆ ಬೆರಳೆಣಿಕೆಯ ಸಾಲುಗಳು. ಖರ್ಚಿನ ಕಡೆ ಮಾತ್ರ ಪುಟ ತುಂಬಿತ್ತು: ಸೀಮೆಸುಣ್ಣ, ಹಾಜರಿ ಪುಸ್ತಕ, ಫಿನೈಲ್, ಪೊರಕೆ, ಎರಡು ಬಲ್ಬು, ನೀರಿನ ಡ್ರಮ್ಮಿಗೆ ಹೊಸ ನಲ್ಲಿ, ಸ್ವಾತಂತ್ರ್ಯೋತ್ಸವಕ್ಕೆ ಬಣ್ಣದ ಕಾಗದ, ಜೆರಾಕ್ಸ್, ಹೆಂಚು. ಹೆಂಚು ಎಂಬ ಪದ ಒಂದೇ ವರ್ಷದಲ್ಲಿ ಮೂರು ಸಲ ಬಂದಿತ್ತು. ಮಂಗಗಳ ಕಾಟವಿರುವ ಊರು ಅದು. ಒಂದು ಖರ್ಚು ಮಾತ್ರ ಆ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಮಕ್ಕಳ ಹಾಜರಿ, ಬಿಸಿಯೂಟದ ಲೆಕ್ಕ, ಯು-ಡೈಸ್ (ಶಾಲೆಗಳ ರಾಷ್ಟ್ರೀಯ ಅಂಕಿಅಂಶ ಜಾಲ) ಮಾಹಿತಿ ಎಲ್ಲವನ್ನೂ ಆನ್‌ಲೈನ್‌ನಲ್ಲಿ ತುಂಬಲು ಬೇಕಾದ ಇಂಟರ್‌ನೆಟ್ ಹಣ ಶಿಕ್ಷಕಿಯ ಸ್ವಂತ ಮೊಬೈಲಿನ ರೀಚಾರ್ಜ್‌ನಿಂದ ಹೋಗುತ್ತಿತ್ತು.

ಸರ್ಕಾರಿ ಶಾಲೆಗಳ ಹಣಕಾಸಿನ ಬಗ್ಗೆ ಚರ್ಚೆ ನಡೆದಾಗಲೆಲ್ಲ ನಾವು ಸಾವಿರಾರು ಕೋಟಿಗಳ ಲೆಕ್ಕದಲ್ಲಿ ಮಾತನಾಡುತ್ತೇವೆ. 2025-26ರ ಕರ್ನಾಟಕ ಬಜೆಟ್ಟಿನ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಶಿಕ್ಷಣಕ್ಕೆ 45,286 ಕೋಟಿ. ಇದು ಸಣ್ಣ ಮೊತ್ತವೇನೂ ಅಲ್ಲ. ಇಷ್ಟು ದೊಡ್ಡ ಹರಿವಿನಿಂದ ಆ 22 ಮಕ್ಕಳ ಶಾಲೆಯ ನಿರ್ವಹಣೆಗೆ ಬಂದು ತಲುಪುವುದು ವರ್ಷಕ್ಕೆ ಹತ್ತು ಸಾವಿರ ರೂಪಾಯಿ. ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ನಡುವೆ ಏನಾಗುತ್ತದೆ ಎಂಬುದನ್ನು ಅರ್ಥಮಾಡಿಕೊಳ್ಳದೆ ಸರ್ಕಾರಿ ಶಾಲೆ ಉಳಿಯಬೇಕು, ಬೆಳೆಯಬೇಕು ಎಂದು ಎಷ್ಟು ಹೇಳಿದರೂ ಪ್ರಯೋಜನವಿಲ್ಲ.

ಆ ಹತ್ತು ಸಾವಿರ ಎಲ್ಲಿಂದ ಬಂತು? 2018ರಲ್ಲಿ ಸರ್ವ ಶಿಕ್ಷಾ ಅಭಿಯಾನ, ಮಾಧ್ಯಮಿಕ ಶಿಕ್ಷಾ ಅಭಿಯಾನ ಮತ್ತು ಶಿಕ್ಷಕರ ತರಬೇತಿ ಯೋಜನೆಗಳನ್ನು ಒಟ್ಟುಗೂಡಿಸಿ ಸಮಗ್ರ ಶಿಕ್ಷಾ ಎಂಬ ಯೋಜನೆ ಬಂತು. ಕೇಂದ್ರ 60, ರಾಜ್ಯ 40ರ ಪಾಲು. ಇದರಡಿ ಪ್ರತಿ ಸರ್ಕಾರಿ ಶಾಲೆಗೂ ಸಂಯುಕ್ತ ಶಾಲಾ ಅನುದಾನ ಸಿಗುತ್ತದೆ. 2021ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 31ರಿಂದ 100 ಮಕ್ಕಳಿಗೆ 25,000, 101ರಿಂದ 250ಕ್ಕೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲ್ಪಟ್ಟರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು. ಅಂದರೆ 22 ಮಕ್ಕಳ ಶಾಲೆಗೆ ಸ್ವಚ್ಛತೆಗೆಂದು ಒಂದು ಸಾವಿರ ತೆಗೆದಿಟ್ಟರೆ ಉಳಿಯುವುದು ಒಂಬತ್ತು ಸಾವಿರ, ತಿಂಗಳಿಗೆ 750 ರೂಪಾಯಿ. ಗ್ರಂಥಾಲಯಕ್ಕೆ, ಕ್ರೀಡಾ ಸಾಮಗ್ರಿಗೆ ಬೇರೆ ಸಣ್ಣ ಅನುದಾನಗಳಿವೆ. ಆದರೆ ಕೇರಂ ಬೋರ್ಡಿಗೆ ಬಂದ ಹಣದಲ್ಲಿ ಹೆಂಚು ಕೊಳ್ಳುವಂತಿಲ್ಲ.

ತಲೆ ಎಣಿಸಿ ಹಣ ಕೊಡುವುದು ಮೇಲ್ನೋಟಕ್ಕೆ ನ್ಯಾಯವೆಂದೇ ಕಾಣುತ್ತದೆ. ಆದರೆ ಸೋರುವ ಮಾಡು ಒಳಗೆ ಎಷ್ಟು ಮಕ್ಕಳು ಕುಳಿತಿದ್ದಾರೆ ಎಂದು ನೋಡಿ ಸೋರುವುದಿಲ್ಲ. ಒಂದು ಶೌಚಾಲಯ, ಒಂದು ನೀರಿನ ತೊಟ್ಟಿ, ಒಂದು ಅಡುಗೆ ಕೋಣೆ, ಎರಡು ಕೊಠಡಿಗಳ ನಿರ್ವಹಣೆಗೆ ತಗಲುವ ಖರ್ಚು 22 ಮಕ್ಕಳಿದ್ದರೂ ಒಂದೇ, 60 ಮಕ್ಕಳಿದ್ದರೂ ಹೆಚ್ಚುಕಡಿಮೆ ಒಂದೇ. ದಾಖಲಾತಿ 31ರಿಂದ 29ಕ್ಕೆ ಇಳಿದ ವರ್ಷ ಶಾಲೆಯ ಅನುದಾನ 25 ಸಾವಿರದಿಂದ ಹತ್ತು ಸಾವಿರಕ್ಕೆ ಇಳಿಯುತ್ತದೆ. ಎರಡು ಮಕ್ಕಳು ಹೋದರೆ ಹದಿನೈದು ಸಾವಿರ ಹೋಯಿತು. ಮಾರನೆಯ ವರ್ಷ ಗೋಡೆಗೆ ಸುಣ್ಣ ಬಳಿಯುವುದಿಲ್ಲ, ಶೌಚಾಲಯದ ಬಾಗಿಲು ಸರಿಯಾಗುವುದಿಲ್ಲ. ಮಗಳನ್ನು ಒಂದನೇ ತರಗತಿಗೆ ಸೇರಿಸಲು ಬಂದ ತಾಯಿ ಆ ಬಾಗಿಲನ್ನು ನೋಡುತ್ತಾಳೆ, ಆಮೇಲೆ ಊರಿನ ರಸ್ತೆಗೆ ಬಂದು ನಿಲ್ಲುವ ಖಾಸಗಿ ಶಾಲೆಯ ಹಳದಿ ವ್ಯಾನನ್ನು ನೋಡುತ್ತಾಳೆ. ಮುಂದಿನ ವರ್ಷ ಇನ್ನೂ ಇಬ್ಬರು ಕಡಿಮೆ. ಮಕ್ಕಳಿಲ್ಲ ಎಂಬ ಕಾರಣಕ್ಕೆ ಹಣ ಕಡಿತ, ಹಣವಿಲ್ಲ ಎಂಬ ಕಾರಣಕ್ಕೆ ಮಕ್ಕಳು ದೂರ. ಸಣ್ಣ ಶಾಲೆಗಳು ಮುಚ್ಚುವ ಹಂತಕ್ಕೆ ಬರುವುದರಲ್ಲಿ ಪೋಷಕರ ಇಂಗ್ಲಿಷ್ ಮೋಹದ ಪಾಲು ಖಂಡಿತ ಇದೆ. ಆದರೆ ಈ ಲೆಕ್ಕಾಚಾರದ ಪಾಲನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಈ ಅಲ್ಪ ಹಣವನ್ನಾದರೂ ಬೇಕಾದಾಗ ಬಳಸಬಹುದೇ? 2021ರ ನಂತರ ಕೇಂದ್ರ ಪುರಸ್ಕೃತ ಯೋಜನೆಗಳ ಹಣ ಶಾಲೆಯ ಖಾತೆಗೆ ನೇರವಾಗಿ ಬಂದು ಕೂರುವುದಿಲ್ಲ. ರಾಜ್ಯಮಟ್ಟದ ಒಂದೇ ನೋಡಲ್ ಖಾತೆಯಲ್ಲಿ ಹಣವಿರುತ್ತದೆ. ಶಾಲೆಯದು ಶೂನ್ಯ ಶಿಲ್ಕಿನ ಖಾತೆ, ಅದಕ್ಕೆ ಇಷ್ಟು ಖರ್ಚು ಮಾಡಬಹುದು ಎಂಬ ಮಿತಿಯನ್ನು ಮಾತ್ರ ನಿಗದಿ ಮಾಡುತ್ತಾರೆ. ಅಂಗಡಿಯವನ ಬ್ಯಾಂಕ್ ವಿವರವನ್ನು ಸರ್ಕಾರಿ ಪಾವತಿಗಳ ಪಿಎಫ್‌ಎಂಎಸ್ ತಂತ್ರಾಂಶದಲ್ಲಿ ದಾಖಲಿಸಿ, ಪಾವತಿ ಪತ್ರ ಮುದ್ರಿಸಿ, ಸಹಿ ಹಾಕಿಸಿ ಬ್ಯಾಂಕಿಗೆ ಒಪ್ಪಿಸಬೇಕು. ದುರುಪಯೋಗ ತಡೆಯಲು, ಹಣ ಎಲ್ಲೆಲ್ಲೋ ಕೊಳೆಯುವುದನ್ನು ತಪ್ಪಿಸಲು ಇದು ಒಳ್ಳೆಯ ವ್ಯವಸ್ಥೆಯೇ. ಆದರೆ ಮಾರ್ಚ್ 31ಕ್ಕೆ ಬಳಕೆಯಾಗದ ಮಿತಿ ವಾಪಸಾಗುತ್ತದೆ. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ, ಮಳೆಯೂ ಆಗಲೇ ಬರುತ್ತದೆ, ಹೆಂಚು ಬೇಕಾಗುವುದೂ ಆಗಲೇ. ಹಣ ತಡವಾಗಿ ಬಿಡುಗಡೆಯಾದ ವರ್ಷಗಳಲ್ಲಿ ಶಿಕ್ಷಕರು ಮೊದಲು ಕೈಯಿಂದ ಹಾಕುತ್ತಾರೆ, ಇಲ್ಲವೇ ಅಂಗಡಿಯಲ್ಲಿ ಸಾಲ ಹೇಳುತ್ತಾರೆ, ಫೆಬ್ರುವರಿ ಮಾರ್ಚ್‌ನಲ್ಲಿ ಬಿಲ್ಲುಗಳನ್ನು ಹೊಂದಿಸುತ್ತಾರೆ. ಹೆಂಚಿನ ಗೂಡಿನವನ ಬಳಿ ಜಿಎಸ್‌ಟಿ ಬಿಲ್ ಇರುವುದಿಲ್ಲ, ಮಾಡು ಹತ್ತಿದ ಕೂಲಿಯವನಿಗೆ ನಗದೇ ಬೇಕು. ಪ್ರಾಮಾಣಿಕವಾಗಿ ಖರ್ಚು ಮಾಡಿದವರೇ ಲೆಕ್ಕ ತೋರಿಸಲು ಒದ್ದಾಡುವ ಸ್ಥಿತಿ ಇದು.

ಇನ್ನು ತಾಲ್ಲೂಕಿನ ಮಟ್ಟಕ್ಕೆ ಬರೋಣ. ಒಂದು ತಾಲ್ಲೂಕಿನ ಎಲ್ಲ ಸರ್ಕಾರಿ ಶಾಲೆಗಳ ಹೊಣೆ ಹೊತ್ತವರು ಕ್ಷೇತ್ರ ಶಿಕ್ಷಣಾಧಿಕಾರಿ, ಜನರ ಬಾಯಲ್ಲಿ ಬಿಇಒ. ಗೋಡೆ ಬಿದ್ದರೆ, ಶಿಕ್ಷಕರಿಲ್ಲದಿದ್ದರೆ, ಶೌಚಾಲಯದ ಕೊಳವೆ ಕಟ್ಟಿಕೊಂಡರೆ ಎಲ್ಲರೂ ಹೋಗುವುದು ಅವರ ಕಚೇರಿಗೆ. ಆದರೆ ಅವರ ಕೈಯಲ್ಲಿ ತಮ್ಮ ವಿವೇಚನೆಯಿಂದ ಖರ್ಚು ಮಾಡಬಹುದಾದ ಗಂಟು ಇಲ್ಲವೆಂದೇ ಹೇಳಬೇಕು. ಹಣ ಬರುವುದು ಶೀರ್ಷಿಕೆಗಳಲ್ಲಿ: ಸಂಬಳ ಒಂದು ಶೀರ್ಷಿಕೆ, ಬಿಸಿಯೂಟ ಒಂದು, ಸಮವಸ್ತ್ರ ಒಂದು, ಕೊಠಡಿ ಇನ್ನೊಂದು. ಒಂದು ಕಡೆ ಉಳಿದದ್ದನ್ನು ಇನ್ನೊಂದು ಕಡೆ ಹಾಕುವ ಅಧಿಕಾರ ಅವರಿಗಿಲ್ಲ. ಕೊಠಡಿ ಬೇಕೆಂದರೆ ಶಾಸಕರ ಅನುದಾನವನ್ನೋ, ಕಲ್ಯಾಣ ಕರ್ನಾಟಕವಾದರೆ ಅಲ್ಲಿನ ಪ್ರದೇಶಾಭಿವೃದ್ಧಿ ಮಂಡಳಿಯ ನೆರವನ್ನೋ, 2022ರಲ್ಲಿ ಬಂದ ವಿವೇಕ ಯೋಜನೆಯಂಥ ವಿಶೇಷ ಕಾರ್ಯಕ್ರಮವನ್ನೋ ಕಾಯಬೇಕು. ಕಾಂಪೌಂಡಿಗೆ, ಆಟದ ಮೈದಾನಕ್ಕೆ ಗ್ರಾಮ ಪಂಚಾಯಿತಿಗಳು ನರೇಗಾ ಹಣ ಬಳಸಿ ಎಷ್ಟೋ ಕಡೆ ಒಳ್ಳೆಯ ಕೆಲಸ ಮಾಡಿವೆ. ಅದೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಅಧ್ಯಕ್ಷರ ಆಸಕ್ತಿಯನ್ನು ನೆಚ್ಚಿಕೊಂಡದ್ದು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಶಾಲಾ ಜಿಲ್ಲೆ ಎಂಬುದು ಆಯ್ಕೆಯಾದ ಮಂಡಳಿಯಿರುವ ಒಂದು ಸ್ಥಳೀಯ ಸರ್ಕಾರ. ಮನೆ, ಜಮೀನುಗಳ ಮೇಲಿನ ತೆರಿಗೆಯ ಪಾಲು ಅದಕ್ಕೆ ಬರುತ್ತದೆ, ಬಜೆಟ್ಟನ್ನು ಬಹಿರಂಗ ಸಭೆಯಲ್ಲಿ ಮಂಡಿಸಿ ಒಪ್ಪಿಗೆ ಪಡೆಯಬೇಕು. ಹಾಗೆಂದು ಅಲ್ಲಿ ಎಲ್ಲವೂ ಸುಸೂತ್ರವಾಗಿಲ್ಲ. ನಮ್ಮವರು ಗಣನೀಯವಾಗಿ ನೆಲೆಸಿರುವ ಕ್ಯಾಲಿಫೋರ್ನಿಯಾದ ಕುಪರ್ಟಿನೊ ಶಾಲಾ ಜಿಲ್ಲೆ ಮಕ್ಕಳ ಸಂಖ್ಯೆ ಕುಸಿದ ಕಾರಣಕ್ಕೆ 2022ರಲ್ಲಿ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಿತು. ಪೋಷಕರು ತಿಂಗಳುಗಟ್ಟಲೆ ಹೋರಾಡಿದರು. ಕೋವಿಡ್ ಕಾಲದ ವಿಶೇಷ ನೆರವು 2024ರಲ್ಲಿ ನಿಂತ ಮೇಲೆ ಆ ದೇಶದ ಎಷ್ಟೋ ಶಾಲಾ ಜಿಲ್ಲೆಗಳು ಕೊರತೆಯಲ್ಲಿವೆ. ಆದರೆ ಅಲ್ಲಿ ಕೊರತೆಗೆ ಒಂದು ಅಂಕಿ ಇರುತ್ತದೆ. ಇಷ್ಟು ಡಾಲರ್ ಕಡಿಮೆ ಬಿದ್ದಿದೆ, ಆದ್ದರಿಂದ ಇದನ್ನು ಕಡಿತ ಮಾಡುತ್ತೇವೆ ಎಂದು ಮಂಡಳಿ ಜನರ ಮುಂದೆ ಹೇಳಲೇಬೇಕು. ನಮ್ಮಲ್ಲಿ ಯಾವ ತಾಲ್ಲೂಕಿನ ಶಿಕ್ಷಣ ವ್ಯವಸ್ಥೆಯೂ ಕೊರತೆಯಲ್ಲಿದೆ ಎಂದು ಕಾಗದದ ಮೇಲೆ ಕಾಣುವುದೇ ಇಲ್ಲ.

ಹಾಗಾದರೆ ನಮ್ಮ ಕೊರತೆ ಎಲ್ಲಿ ಅಡಗಿದೆ? ಖಾಲಿ ಹುದ್ದೆಗಳಲ್ಲಿ.

2025-26ರಲ್ಲಿ ರಾಜ್ಯ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ 40,000, ಪ್ರೌಢಶಾಲೆಗಳಿಗೆ 11,000 ಅತಿಥಿ ಶಿಕ್ಷಕರ ನೇಮಕಕ್ಕೆ ಒಪ್ಪಿಗೆ ಕೊಟ್ಟಿತು. ಪ್ರಾಥಮಿಕ ಹಂತದ ಅತಿಥಿ ಶಿಕ್ಷಕರ ಗೌರವಧನ ಆ ವರ್ಷದ ಬಜೆಟ್ಟಿನಲ್ಲಿ ಎರಡು ಸಾವಿರ ಹೆಚ್ಚಿ ತಿಂಗಳಿಗೆ 12,000 ರೂಪಾಯಿ ಆಯಿತು, ವರ್ಷದಲ್ಲಿ ಹತ್ತು ತಿಂಗಳ ಲೆಕ್ಕ. ಅಂದರೆ ಒಬ್ಬರಿಗೆ ವರ್ಷಕ್ಕೆ 1,20,000. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾದ ಮೇಲೆ ಹೊಸದಾಗಿ ಸೇರುವ ಕಾಯಂ ಪ್ರಾಥಮಿಕ ಶಿಕ್ಷಕರ ಮೂಲ ವೇತನವೇ 41,300. ಭತ್ಯೆಗಳನ್ನು ಬದಿಗಿಟ್ಟರೂ ವರ್ಷಕ್ಕೆ 4,95,600. ಒಂದು ಹುದ್ದೆಯನ್ನು ತುಂಬದೆ ಅತಿಥಿ ಶಿಕ್ಷಕರಿಂದ ನಡೆಸಿದರೆ ಸರ್ಕಾರಕ್ಕೆ ವರ್ಷಕ್ಕೆ ಕನಿಷ್ಠ 3,75,000 ರೂಪಾಯಿ ಉಳಿಯುತ್ತದೆ. ಪ್ರಾಥಮಿಕ ಹಂತದ 40,000 ಸ್ಥಾನಗಳಿಗೆ ಗುಣಿಸಿ ನೋಡಿ: ಸುಮಾರು 1,500 ಕೋಟಿ ರೂಪಾಯಿ. ಪ್ರತಿವರ್ಷ.

ಈ 1,500 ಕೋಟಿಯನ್ನು ಯಾವ ಬಜೆಟ್ ಭಾಷಣದಲ್ಲಿಯೂ ಕಡಿತ ಎಂದು ಓದುವುದಿಲ್ಲ. ನೇಮಕಾತಿ ಪ್ರಕ್ರಿಯೆಯಲ್ಲಿದೆ, ಪ್ರಕರಣ ನ್ಯಾಯಾಲಯದಲ್ಲಿದೆ ಎಂಬ ಮಾತುಗಳ ಹಿಂದೆ ಅದು ಕುಳಿತಿರುತ್ತದೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಪರೀಕ್ಷೆ ನಡೆಯಿತು, ಆಯ್ಕೆಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿ ಆದೇಶ ಕೈಸೇರುವಷ್ಟರಲ್ಲಿ ಮತ್ತೊಂದು ಶೈಕ್ಷಣಿಕ ವರ್ಷವೇ ಕಳೆದಿತ್ತು. ಅಷ್ಟರಲ್ಲಿ ನಿವೃತ್ತರಾಗುವವರು ನಿವೃತ್ತರಾಗುತ್ತಲೇ ಇದ್ದರು. ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್ ಸರ್ಕಾರಿ ಶಾಲೆಯಲ್ಲಿ ಖಾಲಿ ಹುದ್ದೆಗಳು ಮಂಜೂರಾದ ಸಂಖ್ಯೆಯ ಶೇ 10ನ್ನು ಮೀರಬಾರದು ಎನ್ನುತ್ತದೆ. ಇಬ್ಬರು ಶಿಕ್ಷಕರಿರಬೇಕಾದ ಶಾಲೆಯಲ್ಲಿ ಒಂದು ಹುದ್ದೆ ಖಾಲಿ ಎಂದರೆ ಅದು ಶೇ 50.

ಅತಿಥಿ ಶಿಕ್ಷಕರನ್ನು ದೂರುವುದು ನನ್ನ ಉದ್ದೇಶವಲ್ಲ. ಎಷ್ಟೋ ಶಾಲೆಗಳ ಬಾಗಿಲು ಇಂದು ತೆರೆದಿರುವುದೇ ಅವರಿಂದ. ಬಿ.ಇಡಿ., ಡಿ.ಇಡಿ. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಿ, ಎಂಟು ಹತ್ತು ವರ್ಷಗಳಿಂದ ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ ಹಾಕುವವರು ಅವರಲ್ಲಿದ್ದಾರೆ. ಏಪ್ರಿಲ್ ಮೇ ತಿಂಗಳಲ್ಲಿ ಅವರಿಗೆ ಒಂದು ರೂಪಾಯಿಯೂ ಇಲ್ಲ. ಬೇರೆ ಶಿಕ್ಷಕರು ವರ್ಗಾವಣೆಯಾಗಿ ಬಂದ ದಿನವೇ ಕೆಲಸವೂ ಇಲ್ಲ. ರಾಜ್ಯದ ಆರ್ಥಿಕ ಶಿಸ್ತಿನ ಭಾರವನ್ನು ಹೊತ್ತಿರುವವರಲ್ಲಿ ಅತ್ಯಂತ ಕಡಿಮೆ ಸಂಬಳದವರೇ ಮುಂದಿದ್ದಾರೆ.

ಬಿಸಿಯೂಟದ ಕೋಣೆಯಲ್ಲಿಯೂ ಇದೇ ಕಥೆ. ಅಡುಗೆಯವರ ಗೌರವಧನದಲ್ಲಿ ಕೇಂದ್ರದ ಪಾಲು ತಿಂಗಳಿಗೆ 600 ರೂಪಾಯಿ. ಈ ಪಾಲು ಬರುವ ಒಂದು ಸಾವಿರದ ಮೂಲ ಗೌರವಧನ 2009ರಲ್ಲಿ ನಿಗದಿಯಾದದ್ದು, ಇಂದಿಗೂ ಅಷ್ಟೇ. ಉಳಿದದ್ದನ್ನು ರಾಜ್ಯ ತುಂಬುತ್ತದೆ, 2025-26ರಲ್ಲಿ ಇನ್ನೊಂದು ಸಾವಿರ ಸೇರಿಸಿತು. ತರಕಾರಿ, ಬೇಳೆ, ಎಣ್ಣೆ, ಇಂಧನಕ್ಕೆ ಸಿಗುವ ಸಾಮಗ್ರಿ ವೆಚ್ಚ 2025ರ ಮೇ ತಿಂಗಳಿಂದ ಐದನೇ ತರಗತಿಯವರೆಗಿನ ಮಗುವಿಗೆ ಒಂದು ಊಟಕ್ಕೆ 6.78 ರೂಪಾಯಿ, ಹಿರಿಯ ಪ್ರಾಥಮಿಕದ ಮಗುವಿಗೆ 10.17 ರೂಪಾಯಿ. ಮೊಟ್ಟೆಯ ವಿಷಯದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಮುಂದೆ ಬಂದದ್ದರಿಂದ ವಾರಕ್ಕೆ ಎರಡು ದಿನವಿದ್ದ ಮೊಟ್ಟೆ ಆರು ದಿನಕ್ಕೆ ಏರಿತು. ಮಕ್ಕಳ ತಟ್ಟೆಗೆ ಬಿದ್ದ ನಿಜವಾದ ಪೌಷ್ಟಿಕತೆ ಅದು, ಅದಕ್ಕೆ ಮನಸಾರೆ ಕೃತಜ್ಞತೆ ಸಲ್ಲಬೇಕು. ಆದರೆ ಕೊಳ್ಳುವುದು, ಬೇಯಿಸುವುದು, ಸುಲಿಯುವುದು, ಸಾಗಿಸುವುದು ಎಲ್ಲ ಸೇರಿ ಒಂದು ಮೊಟ್ಟೆಗೆ ಆರು ರೂಪಾಯಿ ಎಂಬ ಲೆಕ್ಕ ಅಂಗಡಿಯ ಬೆಲೆ ಏರಿದ ಚಳಿಗಾಲದಲ್ಲಿ ಹೊಂದಲಿಲ್ಲ. ವ್ಯತ್ಯಾಸವನ್ನು ತುಂಬಿದವರು ಯಾರೆಂದು ಮುಖ್ಯ ಶಿಕ್ಷಕರನ್ನು ಕೇಳಬೇಕು. ಮೂರು ವರ್ಷಗಳ ದಾನದ ಮೊತ್ತವೂ ಖಾಲಿ ಪ್ರಾಥಮಿಕ ಹುದ್ದೆಗಳಿಂದ ಒಂದೇ ವರ್ಷದಲ್ಲಿ ಉಳಿಯುವ ಮೊತ್ತವೂ ಹೆಚ್ಚುಕಡಿಮೆ ಸಮ ಎಂಬುದನ್ನು ಗಮನಿಸಿದಾಗ ನನಗೆ ಸಂಕಟವಾಯಿತು.

ಕೇಂದ್ರದ ಕಡೆಗೂ ಒಂದು ಮಾತು ಹೇಳಬೇಕು. ಸಮಗ್ರ ಶಿಕ್ಷಾ ಅಡಿಯ ಶಿಕ್ಷಕರ ಸಂಬಳಕ್ಕೆ ಕೇಂದ್ರ ಲೆಕ್ಕ ಹಿಡಿಯುವುದು ಪ್ರಾಥಮಿಕದಲ್ಲಿ ತಿಂಗಳಿಗೆ 15,000 ರೂಪಾಯಿವರೆಗೆ ಮಾತ್ರ. ನಿಜವಾದ ಸಂಬಳ ಅದರ ಮೂರ್ನಾಲ್ಕು ಪಟ್ಟಿರುವಾಗ 60:40 ಎಂಬ ಅನುಪಾತ ಕಾಗದದಲ್ಲಷ್ಟೇ ಉಳಿಯುತ್ತದೆ. ಇನ್ನೊಂದು ಕಡೆ ಆದಾಯ ತೆರಿಗೆಯ ಮೇಲೆ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ 2018ರಿಂದ ಇದೆ. ಸೆಸ್ ಆದ ಕಾರಣ ಅದು ರಾಜ್ಯಗಳೊಂದಿಗೆ ಹಂಚಿಕೊಳ್ಳುವ ತೆರಿಗೆ ರಾಶಿಗೆ ಸೇರುವುದಿಲ್ಲ. ಶಿಕ್ಷಣದ ಹೆಸರಿನಲ್ಲಿ ಬೆಂಗಳೂರಿನ ಉದ್ಯೋಗಿ ಕಟ್ಟಿದ ಹಣ ದೆಹಲಿಯ ಯೋಜನೆಗಳ ಮೂಲಕವಷ್ಟೇ ಇಲ್ಲಿಗೆ ಮರಳಬೇಕು.

ಗ್ಯಾರಂಟಿ ಯೋಜನೆಗಳೇ ಇದಕ್ಕೆಲ್ಲ ಕಾರಣ ಎಂಬ ವಾದ ಈಗ ಎಲ್ಲೆಡೆ ಕೇಳುತ್ತದೆ. 2025-26ರಲ್ಲಿ ಅವುಗಳಿಗೆ ಮೀಸಲಾದದ್ದು 51,034 ಕೋಟಿ, ಶಿಕ್ಷಣಕ್ಕಿಂತ ಹೆಚ್ಚು. ಆ ಹೊರೆ ಹೊಸ ನೇಮಕಾತಿಗೆ ಹಣಕಾಸು ಇಲಾಖೆಯ ಕೈ ಕಟ್ಟುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಹುದ್ದೆಗಳು ಖಾಲಿ ಬಿದ್ದದ್ದು 2023ರ ನಂತರವಲ್ಲ. ಪ್ರತಿ ತಿಂಗಳು ಪೋಷಕರಿಂದ ನೂರು ರೂಪಾಯಿ ದೇಣಿಗೆ ಸಂಗ್ರಹಿಸಲು ಪೋಷಕರ ಶಾಲಾ ಸಮಿತಿಗಳಾದ ಎಸ್‌ಡಿಎಂಸಿಗಳಿಗೆ ಅನುಮತಿ ಕೊಟ್ಟ ಸುತ್ತೋಲೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ, ಗ್ಯಾರಂಟಿಗಳು ಹುಟ್ಟುವ ಮೊದಲು. ಜನರ ವಿರೋಧದಿಂದ ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು. ಸುತ್ತೋಲೆ ಹಿಂದಕ್ಕೆ ಹೋಯಿತು, ಅದನ್ನು ಬರೆಯಿಸಿದ ಕೊರತೆ ಹೋಗಲಿಲ್ಲ. ಈಗಿನ ಸರ್ಕಾರ 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರು ಉಚಿತವೆಂದು ಘೋಷಿಸಿದ್ದು ಒಳ್ಳೆಯ ಹೆಜ್ಜೆ, ಏಕೆಂದರೆ ಅದು ಆ ಹತ್ತು ಸಾವಿರದ ಮೇಲಿದ್ದ ಒಂದು ದೊಡ್ಡ ಭಾರವನ್ನು ಇಳಿಸುತ್ತದೆ.

ಹೊಸ ಹಣವೆಲ್ಲ ಈಗ ಕರ್ನಾಟಕ ಪಬ್ಲಿಕ್ ಶಾಲೆಗಳತ್ತ ಹರಿಯುತ್ತಿದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ 2,500 ಕೋಟಿ ರೂಪಾಯಿ ವೆಚ್ಚದಲ್ಲಿ 500 ಹೊಸ ಕೆಪಿಎಸ್ ಶಾಲೆಗಳು ಎಂದು 2025-26ರ ಬಜೆಟ್ ಹೇಳಿತು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ, ಪ್ರಯೋಗಾಲಯ, ಗ್ರಂಥಾಲಯ, ಸಾಕಷ್ಟು ಶಿಕ್ಷಕರೊಂದಿಗೆ ಕಲಿಯುವುದು ಮಕ್ಕಳಿಗೆ ಒಳ್ಳೆಯದೇ. ಪಟ್ಟಣದ ಸುತ್ತಲಿನ ಬಯಲು ಸೀಮೆಯಲ್ಲಿ ಇದು ಚೆನ್ನಾಗಿ ನಡೆಯಬಹುದು. ಆದರೆ ಅಕ್ಕಪಕ್ಕದ ಸಣ್ಣ ಶಾಲೆಗಳನ್ನು ಅದರೊಳಗೆ ಸೇರಿಸುವ ಮಾತು ಬಂದಾಗ ಮಲೆನಾಡಿನ ಊರುಗಳಲ್ಲಿ ಭಯ ಹುಟ್ಟುವುದು ಸಹಜ. ಆರು ವರ್ಷದ ಮಗು ಜುಲೈ ಮಳೆಯಲ್ಲಿ ಹಳ್ಳ ದಾಟಿ ನಾಲ್ಕೈದು ಕಿಲೋಮೀಟರ್ ಹೋಗಬೇಕಾದರೆ ಬಸ್ಸು ಬೇಕು, ಬಸ್ಸಿಗೆ ಚಾಲಕ, ಡೀಸೆಲ್, ದುರಸ್ತಿ ಬೇಕು. ಅದು ಒಂದು ವರ್ಷದ ಖರ್ಚಲ್ಲ, ಶಾಲೆ ಇರುವಷ್ಟು ಕಾಲದ ಖರ್ಚು. ಸಾಲದ ಹಣದಲ್ಲಿ ಕಟ್ಟಡ ಏಳುತ್ತದೆ. ಬಸ್ಸಿನ ಡೀಸೆಲ್ಲಿಗೆ ಮುಂದಿನ ಹತ್ತು ವರ್ಷ ಯಾವ ಶೀರ್ಷಿಕೆಯಿಂದ ಹಣ ಬರುತ್ತದೆ ಎಂಬುದನ್ನು ವಿಲೀನಕ್ಕೆ ಮೊದಲೇ ಬರೆದುಕೊಡಬೇಕು.

ಈ ಪ್ರಶ್ನೆಗಳನ್ನು ಕೇಳಬೇಕಾದ ವೇದಿಕೆ ಯಾವುದು? ಪ್ರಾಥಮಿಕ ಶಿಕ್ಷಕರ ಸಂಬಳ ಸಹ ಹರಿಯುವುದು ಪಂಚಾಯತ್ ರಾಜ್ ಸಂಸ್ಥೆಗಳ ಲಿಂಕ್ ಡಾಕ್ಯುಮೆಂಟ್ (ರಾಜ್ಯ ಬಜೆಟ್ಟಿನಲ್ಲಿ ಈ ಸಂಸ್ಥೆಗಳ ಪಾಲನ್ನು ತೋರಿಸುವ ದಾಖಲೆ) ಮೂಲಕ. ಅಂದರೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಯ ಸದಸ್ಯರು ಶಿಕ್ಷಣ ಇಲಾಖೆಯ ಪ್ರಗತಿ ಪರಿಶೀಲನೆಯಲ್ಲಿ ಬಿಇಒ ಅವರನ್ನು ನಿಲ್ಲಿಸಿ, ನಮ್ಮ ಹೋಬಳಿಯಲ್ಲಿ ಎಷ್ಟು ಹುದ್ದೆ ಖಾಲಿ, ಅನುದಾನ ಯಾವಾಗ ಬಂತು ಎಂದು ಕೇಳಬೇಕು. 2016ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಆ ಸಭಾಂಗಣದ ಕುರ್ಚಿಗಳು ಖಾಲಿಯಾದಾಗ ಶಾಲೆಯ ಪರವಾಗಿ ಕೇಳುವ ಬಾಯಿಯೂ ಇಲ್ಲವಾಯಿತು. ನನ್ನ ದೃಷ್ಟಿಯಲ್ಲಿ ಹಣದ ಕೊರತೆಗಿಂತ ದೊಡ್ಡ ಪೆಟ್ಟು ಇದು.

ಉಳಿದಿರುವುದು ಎಸ್‌ಡಿಎಂಸಿ. 2001ರಿಂದ ಕರ್ನಾಟಕದಲ್ಲಿ ಪೋಷಕರ ಈ ಸಮಿತಿಗಳಿವೆ. ದೇಶದ ಎಷ್ಟೋ ರಾಜ್ಯಗಳಿಗಿಂತ ನಾವು ಮೊದಲು. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಈ ಸಮಿತಿಗೆ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವ ಹೊಣೆ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಯೋಜನೆಯೇ ಸರ್ಕಾರದ ಯೋಜನೆ ಮತ್ತು ಅನುದಾನಗಳಿಗೆ ಆಧಾರವಾಗಬೇಕು ಎನ್ನುತ್ತದೆ. ಶಾಲೆ ತನಗೇನು ಬೇಕೆಂದು ಮೊದಲು ಬರೆಯಬೇಕು, ಹಣ ಅದನ್ನು ಹಿಂಬಾಲಿಸಬೇಕು ಎಂಬುದು ಕಾನೂನಿನ ಆಶಯ. ನಡೆಯುತ್ತಿರುವುದು ತಿರುಗುಮುರುಗು. ಹತ್ತು ಸಾವಿರ ಎಂದು ಮೇಲಿನಿಂದ ಬರುತ್ತದೆ, ಅದಕ್ಕೆ ಹೊಂದುವಂತೆ ಕೆಳಗೆ ಯೋಜನೆ ತಯಾರಾಗುತ್ತದೆ.

ಇದನ್ನು ಸರಿಪಡಿಸಲು ಹೊಸ ಕಾಯ್ದೆ ಬೇಕಿಲ್ಲ. ಎಷ್ಟೇ ಸಣ್ಣ ಶಾಲೆಯಾದರೂ ಸಂಯುಕ್ತ ಅನುದಾನ 25,000ಕ್ಕಿಂತ ಕಡಿಮೆಯಾಗದಂತೆ ವ್ಯತ್ಯಾಸವನ್ನು ರಾಜ್ಯವೇ ತುಂಬಬಹುದು. ಒಂದು ಶಾಲೆಗೆ ಹದಿನೈದು ಸಾವಿರದ ಪ್ರಶ್ನೆ ಇದು. ಅದರ ಅರ್ಧವನ್ನಾದರೂ ಮಳೆ ಹಿಡಿಯುವ ಮೊದಲು ಬಿಡುಗಡೆ ಮಾಡಬಹುದು. ಬಿದ್ದ ಗೋಡೆ, ಹಾರಿದ ಮಾಡಿಗೆ ವಾರದೊಳಗೆ ಸ್ಪಂದಿಸಲು ಬಿಇಒ ಕೈಯಲ್ಲಿ ಒಂದು ಸಣ್ಣ ತುರ್ತು ನಿಧಿ ಇಡಬಹುದು. ಪ್ರತಿ ತಾಲ್ಲೂಕಿನಲ್ಲಿ ಖಾಲಿ ಹುದ್ದೆ ಎಷ್ಟು, ಅವುಗಳಿಂದ ಉಳಿದ ಹಣ ಎಷ್ಟು, ಅದು ಎಲ್ಲಿಗೆ ಹೋಯಿತು ಎಂಬುದನ್ನು ವರ್ಷಕ್ಕೊಮ್ಮೆ ಕಚೇರಿಯ ಗೋಡೆಗೆ ಅಂಟಿಸಬಹುದು. ಇವುಗಳಲ್ಲಿ ಕೊನೆಯದಕ್ಕೆ ಹಣವೂ ಬೇಕಿಲ್ಲ.

ಆ 22 ಮಕ್ಕಳ ಶಾಲೆಯ ಅಭಿವೃದ್ಧಿ ಯೋಜನೆಯ ಕಡತವನ್ನೂ ನೋಡಿದೆ. ಎಸ್‌ಡಿಎಂಸಿ ಅಧ್ಯಕ್ಷರಾಗಿರುವ ಅಡಿಕೆ ತೋಟದ ಕೂಲಿಕಾರ್ಮಿಕರೊಬ್ಬರ ಸಹಿ, ಏಳೆಂಟು ತಾಯಂದಿರ ಸಹಿ, ಇಬ್ಬರ ಹೆಬ್ಬೆಟ್ಟಿನ ಗುರುತು. ಬೇಡಿಕೆಗಳ ಪಟ್ಟಿಯ ಮೊದಲ ಸಾಲು: ಮಾಡಿನ ಮೇಲೆ ಮಂಗಗಳು ಓಡಾಡದಂತೆ ತಂತಿಬಲೆ. ಹಿಂದಿನ ವರ್ಷದ ಹಾಳೆ ತಿರುಗಿಸಿದರೆ ಅಲ್ಲಿಯೂ ಮೊದಲ ಸಾಲು ಅದೇ. ಅದಕ್ಕೂ ಹಿಂದಿನ ವರ್ಷದಲ್ಲಿಯೂ ಅದೇ, ಆದರೆ ಆಗ ಮಾಡಿದ್ದ ಅಂದಾಜು ವೆಚ್ಚ ಈಗಿನದಕ್ಕಿಂತ ಕಡಿಮೆಯಿತ್ತು.